ಜೀಪಿನ ಬುಶ್ ಮತ್ತು ಮೂರು ಐತವಾರ

ಮಾಮಾ,

ಮಾವನಿಗೆ ಸೊಸೆ ಕಾಗದ ಬರೆಯುವುದು ನಮ್ಮ ಮನೆಯಲ್ಲಿ ಇದೇ ಮೊದಲು. ಒಂದೂವರೆ ವರ್ಷದಿಂದ ಒಂದು ಮಾತು ನುಂಗಿಕೊಂಡು ಕೂತಿದ್ದೆ. ಅದು ನಿಮಗೆ ಮತ್ತು ನನಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ.

ಆವತ್ತು ಸೇಡಂನ ನಮ್ಮ ಅಂಗಳದಲ್ಲಿ, ಜೀಪಿನ ಕೆಳಗಿಂದ ತಲೆ ಹೊರಗೆ ಹಾಕಿ, "ಯವ್ವಾ, ಮುಂದಿನ ಪಾಟಾದ ಬುಶ್ ಸವದಾವ. ಗಾಡಿ ಕಟಕಟ ಅನ್ನಾಕತ್ತದ. ಐತವಾರ ಇಬ್ರೂ ಕೂಡಿ ಮಾಡೋಣು" ಎಂದಿರಿ. ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಆ ಪಾಟಾದ ತುದಿಯ ಕಣ್ಣಿನೊಳಗೆ ಕೂರುವ ಅಂಗೈಯಷ್ಟೂ ಇಲ್ಲದ ರಬ್ಬರ್ ತುಂಡು, ಅಷ್ಟೇ ಅಲ್ಲವೇ? "ಪರೀಕ್ಷಾ ಪೇಪರ್ ತಿದ್ದೋವು ಅದಾವ್ರಿ ಮಾಮಾ, ಮುಗೀಲಿ" ಎಂದೆ. ಮೂರು ಐತವಾರ ಕೇಳಿದಿರಿ, ಮೂರು ಸಲವೂ ಮುಂದೆ ಹಾಕಿದೆ. ನಿಮ್ಮ ಕೈಗೆ ಆಗಲೇ ಹಿಡಿತವಿರಲಿಲ್ಲ, ನನ್ನ ಕೈ ಬೇಕಿತ್ತು.

ನಾಲ್ಕನೆಯ ವಾರ ನಿಮಗೆ ಎದೆನೋವು ಬಂತು. ಆಂಬುಲೆನ್ಸಿಗೆ ಕಾಯುವುದು ಬೇಡವೆಂದು ನಿಮ್ಮ ಮಗನೇ ಕಲಬುರಗಿ ಆಸ್ಪತ್ರೆಗೆಂದು ಜೀಪು ತೆಗೆದರು. ತಗ್ಗು ಬಂದಾಗಲೆಲ್ಲ ಸ್ಟೇರಿಂಗ್ ಅದುರುತ್ತಿತ್ತು, ಅವರು ನಿಧಾನ ಮಾಡುತ್ತಿದ್ದರು. ಮಳಖೇಡ ದಾಟುವಷ್ಟರಲ್ಲಿ ನನ್ನ ಕೈಯೊಳಗಿದ್ದ ನಿಮ್ಮ ಕೈ... ಎಷ್ಟು ಜೋರಾಗಿ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಇವರು ಕೇಳಲಿಲ್ಲ. "ನಾನ ಸಾವಕಾಶ ಹೊಡದೆ" ಎಂದು ಒಂದೇ ಮಾತು. ಆಮೇಲೆ ಅವರು ಆ ಜೀಪು ಹತ್ತಲೇ ಇಲ್ಲ. ಯಾಕೆ ಸಾವಕಾಶ ಹೊಡೆಯಬೇಕಾಯಿತು ಎಂಬುದು ನನಗೆ ಗೊತ್ತಿತ್ತು. ಹೇಳಿದೆನಾ? ಇಲ್ಲ. ನನ್ನ ತಪ್ಪನ್ನು ಅವರ ತಲೆಯ ಮೇಲೆ ಬಿಟ್ಟು, ಅದೇ ಜೀಪಿನಲ್ಲಿ ದಿನಾ ಶಾಲೆಗೆ ಹೋಗಿಬರುತ್ತಿದ್ದೆ.

ಹೋದ ತಿಂಗಳು ಊಟಕ್ಕೆ ಕೂತಾಗ ಇವರು, "ಫಿಟ್ನೆಸ್ ಪಾಸಾಗ್ಲಿಲ್ಲಂದ್ರ ಗುಜರಿಗಿ ಕೊಟ್ಟುಬಿಡೋಣು" ಎಂದರು. ಗಾಡಿ ಗುಜರಿಗೆ ಹೋದರೆ ನನ್ನ ಮಾತೂ ಅದರ ಜೊತೆಗೇ ಹೋಗುತ್ತದೆ, ಇವರು ಜೀವನವಿಡೀ ತಮ್ಮನ್ನೇ ಬೈದುಕೊಂಡಿರುತ್ತಾರೆ ಎನಿಸಿತು. ಶಹಾಬಾದ್, ವಾಡಿ ಎರಡೂ ಕಡೆ ಅಂಗಡಿ ಸುತ್ತಿದೆ. "ಈ ಮಾಡಲ್‌ದು ಈಗೆಲ್ಲಿ ಸಿಗ್ತಾವ್ರಿ ಮೇಡಂ" ಎಂದು ನಕ್ಕರು. ನಿಮ್ಮ ಸಲಕರಣೆ ಪೆಟ್ಟಿಗೆ ತೆಗೆದೆ. ಕಲ್ಲಿನ ಕ್ರಷರಿನಿಂದ ನೀವು ತಂದಿಟ್ಟ ಹಳೆಯ ಕನ್ವೇಯರ್ ಬೆಲ್ಟ್ ಇತ್ತು, ಬಾಯಿಗೆ ಸಾಣೆ ಹಿಡಿದ ಪೈಪೂ ಇತ್ತು. ನೀವು ಮಾಡುತ್ತಿದ್ದಂತೆ ಸಾಬೂನು ನೀರು ಹಚ್ಚಿ, ಆ ಪೈಪಿನಿಂದ ಬಿಲ್ಲೆ ಕತ್ತರಿಸಿ, ಉಕ್ಕಿನ ಕೊಳವೆಗೆ ಪೋಣಿಸಿ ಅಂಟಿಸಿದೆ. ಜೀಪನ್ನು ಜಾಕಿನ ಮೇಲೆ ಎತ್ತಿ, ಬುಶ್ ಕೂರಿಸಿ, ಮೈಯ ಬಲವೆಲ್ಲ ಹಾಕಿ ಬೋಲ್ಟ್ ಬಿಗಿದೆ. ಎಷ್ಟು ಹೆಮ್ಮೆಪಟ್ಟೆ ಅಂತೀರಿ! ನಾಲ್ಕೇ ದಿನ. ಕುರಕುಂಟಾದ ಹತ್ತಿರ ಮತ್ತೆ ಕಟಕಟ. ಬಿಚ್ಚಿ ನೋಡಿದರೆ ರಬ್ಬರು ತಿರುಚಿ ಹರಿದಿತ್ತು. ಉಳಿದ ಬೆಲ್ಟು ಇನ್ನೊಂದೇ ಜೊತೆಗೆ ಸಾಲುವಷ್ಟು, ಫಿಟ್ನೆಸ್ ತಪಾಸಣೆಗೆ ಮೂರೇ ದಿನ.

ಆಗ ನೆನಪಾಯಿತು ನಿಮ್ಮ ಆ ಕೂಗು. ಹಿಂದೆ ಬುಶ್ ಹಾಕಿದಾಗಲೆಲ್ಲ ಜೀಪನ್ನು ನೆಲಕ್ಕಿಳಿಸಿ, "ಎಲ್ಲಾರೂ ಬರ್ರಿ, ಕುಂದ್ರಿ!" ಎನ್ನುತ್ತಿದ್ದಿರಿ. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಕೂರುತ್ತಿದ್ದರು. ನಾವೆಲ್ಲ ಕೂತ ಮೇಲೆ ನೀವು ಕೆಳಗೆ ನುಸುಳಿ ಕೊನೆಯ ಸುತ್ತು ಬಿಗಿಯುತ್ತಿದ್ದಿರಿ. ಯಾಕೆಂದು ಕೇಳಿದರೆ, "ಗಾಡಿಗಿ ಮನಿ ಮಂದಿ ಗುರ್ತು ಮಾಡಸ್ತೀನಿ." ಮುದುಕರ ಹುಚ್ಚು ಎಂದುಕೊಂಡಿದ್ದೆ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ, ಭಾರ ಬಿದ್ದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ ಎಂದು ನೆಟ್ಟಗೆ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ತಪಾಸಣೆಯ ಹಿಂದಿನ ದಿನ ಎರಡನೆಯ ಜೊತೆ ಕೂರಿಸಿ ಜೀಪು ಇಳಿಸಿದೆ. ಅತ್ತೆ ಹಿಂದೆ ಕೂತರು. ಮುಂದೆ ಎಡಕ್ಕಿದ್ದ ನಿಮ್ಮ ಸೀಟು ಖಾಲಿ. ನಾನು ಕೆಳಗೆ ಮಲಗಿ ಬೋಲ್ಟಿಗೆ ಪಾನಾ ಹಿಡಿದಿದ್ದೆ, ಮನೆಯ ಬಾಗಿಲಲ್ಲಿ ನಿಂತ ಇವರ ಕಾಲು ಮಾತ್ರ ಕಾಣುತ್ತಿತ್ತು. ಮುಖ ಕಾಣದ್ದಕ್ಕೇ ಧೈರ್ಯ ಬಂತೇನೋ.

"ಬುಶ್ ಮಾಡೋಣು ಅಂತ ಮಾಮಾ ಮೂರು ಸಲ ಹೇಳಿದ್ರು. ನಾನ ಮುಂದ ಹಾಕ್ದೆ. ನೀವು ಸಾವಕಾಶ ಹೊಡದಿದ್ದು ನನ್ನಿಂದರಿ."

ಕಾಲು ತಿರುಗಿ ಒಳಗೆ ಹೋದವು. ಎಲ್ಲ ಮುಗಿಯಿತು ಎಂದುಕೊಂಡೆ. ಎಷ್ಟು ಹೊತ್ತೋ. ಮತ್ತೆ ಆ ಕಾಲು ಬಂದವು, ಜೀಪನ್ನು ಸುತ್ತಿ ಎಡಕ್ಕೆ ನಡೆದವು. ನನ್ನ ಮುಖದ ಮೇಲಿನ ಪಾಟಾ ಒಂದು ಬೆರಳು ಕೆಳಗಿಳಿಯಿತು.

"ಬಿಗಿ ಮಾಡು" ಎಂದರು ನಿಮ್ಮ ಸೀಟಿನಿಂದ.

ಮಾಮಾ, ಫಿಟ್ನೆಸ್ ಆಯಿತು. ಕಲಬುರಗಿಯಿಂದ ವಾಪಸು ಬರುವಾಗ ಇವರೇ ಓಡಿಸಿದರು. ಮಳಖೇಡದ ಹತ್ತಿರ ಪಕ್ಕಕ್ಕೆ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿ, "ಬುಶ್ ಸವದಾವಂತ ಅಪ್ಪ ನನಗೂ ಹೇಳಿದ್ದ" ಎಂದರು. ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿ ಬಂತು ಅವರಿಗೆ. ಇಬ್ಬರಿಗೂ ಬೇರೆ ಬೇರೆ ಹೇಳಿದ್ದಿರಾ? ಒಂದೇ ಮಾತನ್ನು ಒಂದೇ ಮನೆಯಲ್ಲಿ ಇಬ್ಬರೂ ನುಂಗಿಕೊಂಡು...

ಹಿಂದಿನ ಪಾಟಾದ ಬುಶ್ಶೂ ಸವೆದಿವೆ. ಇವರು ಕ್ರಷರಿನಿಂದ ಬೆಲ್ಟು ತಂದಿದ್ದಾರೆ. ನಾಳೆ ಐತವಾರ, ಇಬ್ಬರೂ ಕೂಡಿ ಮಾಡುತ್ತೇವೆ. ಪರೀಕ್ಷಾ ಪೇಪರಿನ ಕಟ್ಟು ಮೇಜಿನ ಮೇಲೆ ಬಿದ್ದಿದೆ. ಬಿದ್ದಿರಲಿ.

ನಿಮ್ಮ ಸೊಸೆ,
ಶಾರದಾ