ಬುಟ್ಟಿಯೊಳಗಿನ ಕೋಳಿಮರಿ

ರಂಜೂನ ಪಪ್ಪಾ,

ರಾಮದುರ್ಗದಿಂದ ಅಣ್ಣ ಫೋನ್ ಮಾಡಿದ್ದ. ಅಪ್ಪಗ ಮತ್ತ ಎದಿನೋವು ಬಂದೈತಿ, ದವಾಖಾನಿಗೆ ಹಾಕ್ಯಾರ. ನೀವು ಹೊಲದಾಗ, ನಿಮ್ಮ ಫೋನ್ ಇಲ್ಲೇ ಚಾರ್ಜಿಗೆ. ಅದಕ್ಕ ಬರದಿಟ್ಟು ಮುಂಜಾನಿ ಬಸ್ಸಿಗೆ ಹೊಂಟೇನಿ. ರಂಜೂನ್ನ ಬಾಜೂಮನಿ ಗಂಗೂಬಾಯಿ ಕಾಕೂ ಕಡೆ ಬಿಟ್ಟೇನಿ, ಕರಕೊಂಡು ಬರ್ರಿ.

ರಂಜೂನ ಕೋಳಿಮರಿ ಅಡಗಿಮನ್ಯಾಗ ಬುಟ್ಟಿಯೊಳಗ ಐತಿ. ನಿನ್ನೆಯಿಂದ ಕಾಲಮ್ಯಾಲೆ ನಿಲ್ಲವಲ್ತು. ಬೆಚ್ಚಗಿರಲಿ ಅಂತ ನನ್ನ ಹಳೇ ಸೀರಿ ಹೊಚ್ಚೇನಿ, ತಗೀಬ್ಯಾಡ್ರಿ. ದನದ ಡಾಕ್ಟರ್ ಕೊಟ್ಟ ಔಷಧ ನೀರಾಗ ಕಲಸಿಟ್ಟೇನಿ. ಕೊಕ್ಕಿನ ತುದಿಗೆ ಹನಿಹನಿ ಹಚ್ಚರಿ. ಬಾಯಾಗ ಸುರುವಿದ್ರ ಉಸಿರು ಕಟ್ಟತೈತಿ. ಉಳಿದ ಮರಿಗಳ ಜೋಡಿ ಬಿಡಬ್ಯಾಡ್ರಿ, ಕುಕ್ಕಿ ಸಾಯಸ್ತಾವ.

"ಒಂದ್ ಮರಿ ಹ್ವಾದ್ರ ಏನಾತು" ಅಂತ ನಿನ್ನೆ ಅಂದ್ರಲ್ಲ, ಅಕಿ ಮುಂದ ಮತ್ತ ಅನಬ್ಯಾಡ್ರಿ. ರಾತ್ರಿಯೆಲ್ಲಾ ಆ ಬುಟ್ಟಿ ಮಗ್ಗಲದಾಗ ಮಲಗಿದ್ಲು.

ರೊಟ್ಟಿ, ಪಲ್ಯಾ ಮಾಡಿಟ್ಟೇನಿ. ಇಬ್ಬರೂ ಉಣ್ಣರಿ.

ಮರಿ ಉಳೀಲಿಲ್ಲಂದ್ರ ತಿಪ್ಪಿಗೆ ಒಗದು, ಬೆಕ್ಕು ಒಯ್ತು ಅಂತ ಹೇಳಬ್ಯಾಡ್ರಿ. ಖರೇ ಹೇಳಿ, ಬೇವಿನ ಗಿಡದ ಬುಡಕ ಅಕಿ ಕೈಲೇನ ಮಣ್ಣ ಕೊಡಸ್ರಿ. ಹೊಂಡುವಾಗ "ಅಜ್ಜಾಗ ಏನೂ ಆಗಿಲ್ಲೇನವ್ವಾ?" ಅಂತ ಕೇಳಿದ್ಲು. ಏನೂ ಆಗಿಲ್ಲ ಅಂತ ನಾ ಒಂದು ಸುಳ್ಳು ಹೇಳೇನಿ. ಅಕಿಗೆ ಅದೊಂದ ಸಾಕು.

ಮಹಾನಂದಾ