ಕೋಬಾಲ್ ಯಾರಿಗೆ ಬರುತ್ತೆ?

ಮಾರ್ಚ್ 4, ಬೆಳಿಗ್ಗೆ

ಲಿಫ್ಟ್ ಮತ್ತೆ ಕೆಟ್ಟಿದೆ. ನಮ್ಮ ಪಿಂಚಣಿ ಕಚೇರಿಯ ಕ್ಯಾಂಟೀನ್ ಗೋಡೆಗೆ ಹೊಸ ಚಾರ್ಟ್ ಅಂಟಿಸಿದ್ದಾರೆ. ಯಾವ ಪ್ರೋಗ್ರಾಮಿಂಗ್ ಭಾಷೆ ಎಷ್ಟು ಜನಪ್ರಿಯ ಅಂತ. ಮೇಲೆ ಪೈಥಾನ್. ತಾತನ ಕಾಲದ ಕೋಬಾಲ್ ತಳದಲ್ಲಿ, ಕಸದ ಡಬ್ಬಿಯ ಮರೆಗೆ. ಸಾಫ್ಟ್‌ವೇರ್ ಟೆಸ್ಟಿಂಗಿನ ಹುಡುಗ, ಕೋಬಾಲ್ ವಿಭಾಗದ ಹಿರಿಯಳು, ನಾವೆಲ್ಲ ಅಕ್ಕ ಅನ್ನುವವಳನ್ನು ಕೆಣಕಿದ.

"ಏನಕ್ಕಾ, ನಿಮ್ಮ ಭಾಷೆ ನೋಡ್ಬೇಕಂದ್ರೆ ಮಂಡಿ ಊರ್ಬೇಕಲ್ಲ?"

"ಊರೋ. ನಿಮ್ಮಪ್ಪನಿಗೆ ತಿಂಗಳು ತಿಂಗಳು ಪಿಂಚಣಿ ಲೆಕ್ಕ ಹಾಕ್ತಿರೋದು ಅದೇ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಊಟದ ಬಿಡುವಿನಲ್ಲಿ ಕೂರಿಸಿಕೊಂಡು ನನಗೆ ಕೋಬಾಲ್ ಕಲಿಸಿದವಳು ಇದೇ ಅಕ್ಕ. ಯಾರಿಗೂ ಹೇಳಿಲ್ಲ. ಲ್ಯಾಪ್‌ಟಾಪಿಗೆ ಪೈಥಾನ್ ಸ್ಟಿಕ್ಕರ್ ಮೆತ್ತಿಕೊಂಡಿದ್ದೇನೆ.

ಮಾರ್ಚ್ 6

ಮೀಟಿಂಗ್. ಮ್ಯಾನೇಜರ್ ಕೇಳಿದ: "ಕೋಬಾಲ್ ಯಾರಿಗೆ ಬರುತ್ತೆ? ಇಬ್ಬರಿದ್ರೆ ಆ ವಿಭಾಗ ಉಳಿಸ್ತೀವಿ. ಒಬ್ಬರನ್ನೇ ನೆಚ್ಕೊಂಡು ನಡೆಸೋಕಾಗಲ್ಲ."

ಅಕ್ಕ ಕೈ ಎತ್ತಿದಳು. ನಾನು ನನ್ನ ಕೈಯನ್ನು ತೊಡೆಯಡಿ ಅದುಮಿಟ್ಟುಕೊಂಡೆ. ಎತ್ತಿದರೆ ನಾನೂ ಹಳಬಳು... ಕೆಲಸ ಕಳೆದುಕೊಳ್ಳುವ ಮುಂದಿನ ಸರದಿ ನನ್ನದು. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ.

ಇಲ್ಲಿನ ಯೂನಿಯನ್ ಕಾರ್ಯದರ್ಶಿ ಬೇರೆ ನಾನು. ಥೂ.

ಮಾರ್ಚ್ 7

ಅಕ್ಕನಿಗೆ ಕೆಲಸದಿಂದ ತೆಗೆಯುವ ನೋಟಿಸ್. ಗೇಟಿನ ಮುಂದೆ ಸಭೆ ಕರೆದೆ. ಮೈಕು ಹಿಡಿದು ಗುಡುಗಿದೆ — ನೆತ್ತರು ಹೀರುವಾಗ ನಾವು ಹೊಸಬರು, ಹೀರಿ ಮುಗಿದ ಮೇಲೆ ಹಳಬರು. ಚಪ್ಪಾಳೆ ಬಿತ್ತು. ಕೆಳಗಿಳಿದಾಗ ಅಕ್ಕ ನೀರಿನ ಬಾಟಲಿ ಚಾಚಿದಳು.

"ಗಂಟಲು ಹರ್ಕೋಬೇಡ ಕಣೇ. ಕೈ ಎತ್ತಿದ್ರೆ ಸಾಕಿತ್ತು."

ಮಾರ್ಚ್ 19

ಬರೆಯಲು ಮುಖವಿರಲಿಲ್ಲ. ಅಕ್ಕ ಹೋಗಿ ವಾರವಾಯಿತು. ಅವಳ ಕುರ್ಚಿಯ ಮೇಲೆ ಕೆಟ್ಟ ಪ್ರಿಂಟರ್ ಕೂತಿದೆ.

ಇವತ್ತು ಮ್ಯಾನೇಜರ್ ಕೋಣೆಗೆ ನುಗ್ಗಿದೆ. "ನನಗೂ ಕೋಬಾಲ್ ಬರುತ್ತೆ. ಅವತ್ತು ಬಾಯಿ ಮುಚ್ಕೊಂಡಿದ್ದೆ. ಅಕ್ಕನ್ನ ವಾಪಸ್ ಕರೀರಿ."

ಅವನು ಕನ್ನಡಕ ತೆಗೆದಿಟ್ಟ. "ವಿಭಾಗ ಮುಚ್ಚಿಯಾಯ್ತು ಮೇಡಂ. ಅಲ್ಲಾ... ಮೀಟಿಂಗ್ ಆದ್ಮೇಲೆ ಅವರನ್ನೇ ಕೇಳಿದ್ದೆ, ನಿಮಗೇನಾದ್ರೂ ಕಲಿಸಿದ್ದಾರಾ ಅಂತ. 'ಅವಳಿಗೆ ಒಂದಕ್ಷರ ಬರಲ್ಲ, ಅವಳ ತಂಟೆಗೆ ಹೋಗ್ಬೇಡಿ' ಅಂದ್ರು."

ಮಧ್ಯಾಹ್ನ, ಮೆಟ್ಟಿಲ ಮೇಲೆ

ಅಕ್ಕನಿಗೆ ಫೋನ್ ಮಾಡಿದೆ.

"ಹೇಳೇ. ಊಟ ಆಯ್ತಾ?"

ಆಯ್ತಕ್ಕಾ ಅಂದೆ. ಅದೂ ಸುಳ್ಳು. ಆ ಕಡೆ ಫ್ಯಾನ್ ತಿರುಗುವುದು ಕೇಳುತ್ತಿತ್ತು. "ಅಕ್ಕಾ, ಇವತ್ತು ಮ್ಯಾನೇಜರ್ ಮುಂದೆ ಕೈ ಎತ್ತಿದೆ," ಅಂದೆ.