ಅಳಿಸಿ ಬರೆಸಿದ ಎಪ್ಪತ್ತೆರಡು

ಕಳವಾ,
ಮಾರ್ಚ್ ೯, ೧೯೯೭

ಜಯಲತಾ ಅಕ್ಕೋರಿಗೆ, ನಿಮ್ಮ ನಾಲ್ಕನೆಯ ಇಯತ್ತೆಯಲ್ಲಿದ್ದ ಸ್ನೇಹಲ್‌ಳ ಅಜ್ಜ ಯಂಕಪ್ಪನ ನಮಸ್ಕಾರ.

ಈ ಕಾಗದ ಬರೆಯಲು ನನಗೆ ಸುತಾರಾಂ ಮನಸ್ಸಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಂದಗಿ ತಾಲೂಕಿನ ನಮ್ಮೂರ ಶಾಲೆಯನ್ನು ಮೂರನೆಯ ಇಯತ್ತೆಗೇ ಬಿಟ್ಟವನು ನಾನು. ಮೊದಲು ಮಸ್ಜಿದ್ ಬಂದರಿನಲ್ಲಿ, ಆಮೇಲೆ ತುರ್ಭೆಯ ಮಾರ್ಕೆಟ್ಟಿನಲ್ಲಿ ಮೂವತ್ತೆರಡು ವರ್ಷ ಚೀಲ ಹೊತ್ತ ಕೈ ಇದು. ಪೆನ್ನು ಹಿಡಿದರೆ ಹಿಡಿದಂತೆಯೇ ಗೊತ್ತಾಗುವುದಿಲ್ಲ. ನೀವೀಗ ಇರುವ ಸಾನಪಾಡಾಕ್ಕೆ ಬಂದು ಬಾಯಿಂದಲೇ ಹೇಳಿ ಹೋಗುತ್ತೇನೆ ಎಂದೆ. ಸ್ಟೇಷನ್ನಿನ ಪುಲ್‌ನ ಮೆಟ್ಟಿಲು ಹತ್ತಬೇಡ, ಬಸ್ಸಿನಲ್ಲಿ ನಿಂತು ಹೋಗಬೇಡ ಎಂದು ಡಾಕ್ಟರ ಕಟ್ಟಪ್ಪಣೆ. ನಾನು ಹೇಳುತ್ತೇನೆ, ನೀನು ಬರಿ ಎಂದು ಸೊಸೆ ದಾನಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಅಕ್ಕೋರ ಮ್ಯಾಲ ದೂರು ಕೊಡುವಾಗ ನನ್ನ ಕೇಳಿದ್ರೇನು ಮಾವಾರ? ಈಗ ಯಾಕ ನನ್ನ ಕೈ ಬೇಕು?” ಎಂದಳು. ನಿಮ್ಮ ಶಾಲೆ ನಡೆಸುವ ಸಂಘದ ಅಧ್ಯಕ್ಷ ದೇಜಪ್ಪನವರು ಹೋಟೆಲಿನ ಗಲ್ಲೆಯಿಂದ ಏಳದೆಯೇ, “ನಿಮ್ಮ ದೂರು ಬರವಣಿಗೆಯಲ್ಲಿ ಉಂಟು ಯಂಕಪ್ಪ. ಹಿಂದೆ ತೆಗೆಯುವುದಾದರೂ ಬರವಣಿಗೆಯಲ್ಲೇ ಆಗಬೇಕು. ಟೀಚರಿಗೂ ನೀವೇ ಬರೆಯಿರಿ. ನಾನು ಯಾವ ಮುಖ ಇಟ್ಟುಕೊಂಡು ಬರೆಯುವುದು?” ಎಂದರು. ಹಾಗಾಗಿ ಗುರುವಾರದಿಂದ ಇದೇ ಕೆಲಸ. ಇವತ್ತು ಭಾನುವಾರ. ಅಕ್ಷರ ಸೊಟ್ಟಗಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡಿ.

ಕೆಂಪು ಶಾಯಿಯಿಂದಲೇ ಎಲ್ಲ ಶುರುವಾಯಿತು.

ಆಗಸ್ಟ್ ತಿಂಗಳಲ್ಲಿ ನೀವು ಮಕ್ಕಳಿಗೆ ಮನೆಗೆಲಸ ಕೊಟ್ಟಿರಿ. ಮನೆಯಲ್ಲಿರುವ ಎಲ್ಲರ ನಾಡಿ ಹಿಡಿದು, ಒಂದು ನಿಮಿಷಕ್ಕೆ ಎಷ್ಟು ಬಡಿತ ಎಂದು ಎಣಿಸಿ ಬರೆದುಕೊಂಡು ಬರಬೇಕು. ಸ್ನೇಹಲ್ ಅವರಪ್ಪ ಸಂಗಮೇಶನ ಕೈಗಡಿಯಾರ ಕಟ್ಟಿಕೊಂಡು ನನ್ನ ಮುಂದೆ ಕುಳಿತಳು. ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟು, “ಆಜೋಬಾ, ಹಲೂ ನಕಾ” ಎಂದು ಮರಾಠಿಯಲ್ಲಿ ನನಗೇ ಹುಕುಂ, ಅಲುಗಾಡಬಾರದಂತೆ. ಒಂದು ಸಲ ಎಣಿಸಿದಳು, ನೂರಾ ನಾಲ್ಕು. ತಲೆ ಕೆರೆದುಕೊಂಡು ಮತ್ತೆ ಎಣಿಸಿದಳು, ತೊಂಬತ್ತೇಳು. ಮೂರನೆಯ ಸಲ ನೂರಾ ಹನ್ನೆರಡು. “ಅಜ್ಜಾ, ನಿಂದು ನಡುನಡುವೆ ತಪ್ಪತೈತಿ” ಎಂದಳು. ತನ್ನ ಪಟ್ಟಿಯಲ್ಲಿ ಮೂರೂ ಸಂಖ್ಯೆ ಬರೆದು, ಮುಂದೆ “ನಡುವೆ ತಪ್ಪುತ್ತದೆ” ಎಂದೂ ಬರೆದಳು.

ನನಗೆ ರೇಗಿತು. ಒಬ್ಬ ಮನುಷ್ಯನಿಗೆ ಮೂರು ನಾಡಿ ಎಲ್ಲಾದರೂ ಇರುತ್ತದೆಯೇ? ಪುಸ್ತಕ ತಾ ಎಂದೆ. ಪುಸ್ತಕದಲ್ಲಿ ಚೆನ್ನಾಗಿ ಅಚ್ಚಾಗಿತ್ತು: ಆರೋಗ್ಯವಂತ ಮನುಷ್ಯನ ನಾಡಿ ನಿಮಿಷಕ್ಕೆ ಎಪ್ಪತ್ತೆರಡು. ನೂರು ಕಿಲೋ ಸಕ್ಕರೆ ಚೀಲ ಹೊತ್ತ ನಾನು ಆರೋಗ್ಯವಂತ ಅಲ್ಲವೆ? ಅಳಿಸು, ಎಪ್ಪತ್ತೆರಡು ಬರಿ ಎಂದೆ. “ನಾ ಎಣಿಸಿದ್ದು ಬ್ಯಾರೆ ಐತಿ ಅಜ್ಜಾ” ಎಂದಳು. ಕಪಾಳಕ್ಕೆ ಒಂದು ಕೊಟ್ಟೆ. ಅಳುತ್ತಲೇ ರಬ್ಬರಿನಿಂದ ಉಜ್ಜಿ ಎಪ್ಪತ್ತೆರಡು ಬರೆದಳು. ನನಗೆ ಸಮಾಧಾನವಾಯಿತು. ಮಗು ತಪ್ಪು ಉತ್ತರ ತೆಗೆದುಕೊಂಡು ಶಾಲೆಗೆ ಹೋಗಲಿಲ್ಲವಲ್ಲ!

ಅಕ್ಕೋರೆ, ನಾನು ಹಮಾಲರ ಟೋಳಿಯ ಮುಕಾದಮನಾಗಿದ್ದವನು. ಲಾರಿಯಿಂದ ಚೀಲ ಇಳಿಸುವಾಗ ಎಣಿಕೆ ಕೂಗುವವನು ನಾನೇ. ನಾನು ಕೂಗಿದ ಎಣಿಕೆಗೆ ಆರು ಜನ ಒಟ್ಟಿಗೆ ಉಸಿರು ಬಿಗಿಹಿಡಿದು ಎತ್ತಬೇಕು. ಒಬ್ಬ ತನ್ನದೇ ಎಣಿಕೆ ಹಿಡಿದರೆ ಪಕ್ಕದವನ ಸೊಂಟ ಹೋಯಿತು. ನನ್ನ ಟೋಳಿಯ ಶಂಭುವಿನ ಸೊಂಟ ಹಾಗೇ ಹೋದದ್ದು. ಎಲ್ಲರಿಗೂ ಒಂದೇ ಎಣಿಕೆ ಎನ್ನುವುದರ ಮೇಲೆ ನನ್ನ ಹೊಟ್ಟೆ ನಡೆದಿದೆ. ಅದನ್ನೇ ಮಗುವಿನ ಪಟ್ಟಿಯ ಮೇಲೂ ನಡೆಸಲು ಹೋದೆ. ಇದನ್ನು ನೆವ ಎಂದು ಹೇಳುತ್ತಿಲ್ಲ. ನನ್ನ ತಲೆ ಹಾಗೆ ಓಡಿತು, ಅಷ್ಟೆ.

ಎರಡು ದಿನದ ಮೇಲೆ ಪಟ್ಟಿ ವಾಪಸು ಬಂತು. ಅದರಲ್ಲಿ ನಿಮ್ಮ ಕೆಂಪು ಶಾಯಿ: “ಅಳಿಸಿದ್ದು ಏಕೆ? ನೀನು ಎಣಿಸಿದ್ದನ್ನೇ ಬರೆ.” ಅಕ್ಕಪಕ್ಕದ ಮನೆಯ ಮಕ್ಕಳ ಪಟ್ಟಿ ತರಿಸಿ ನೋಡಿದೆ. ಒಬ್ಬನದು ಅರವತ್ತನಾಲ್ಕು, ಒಬ್ಬಳದು ಎಂಬತ್ತೆಂಟು, ಎಲ್ಲಕ್ಕೂ ನಿಮ್ಮ ರೈಟ್ ಗುರುತು. ನನ್ನ ಮೊಮ್ಮಗಳ ಸರಿ ಉತ್ತರಕ್ಕೆ ಮಾತ್ರ ಪ್ರಶ್ನೆ! ಮೊದಲೇ ನಿಮ್ಮ ಮೇಲೆ ನನಗೆ ಅಸಮಾಧಾನ ಇತ್ತು. ಮಕ್ಕಳನ್ನು ಬೆಂಚಿನಿಂದ ಇಳಿಸಿ ನೆಲದ ಮೇಲೆ ಸುತ್ತ ಕೂರಿಸುತ್ತೀರಿ. ಹುಣಸೆ ಬೀಜ ಕೊಟ್ಟು ಲೆಕ್ಕ ಮಾಡಿಸುತ್ತೀರಿ. ಬೆತ್ತ ಕಪಾಟಿನೊಳಗೆ. ಮಗ್ಗಿ ಒಕ್ಕೊರಲಿನಿಂದ ಹೇಳಿಸುವುದು ಬೀದಿಗೆ ಕೇಳಿಸಿದರೆ ಅದು ಶಾಲೆ, ಇದೇನು ಅಂಗನವಾಡಿಯೇ ಎಂದು ಮನೆಮನೆಗೆ ಹೋಗಿ ಕೇಳಿದೆ. ದೂರಿಗೆ ಇಪ್ಪತ್ತಾರು ಜನರ ಸಹಿ ಹಾಕಿಸಿದೆ. ಅದರಲ್ಲಿ ಹೆಬ್ಬೆಟ್ಟು ಒಂಬತ್ತು.

ಆ ದೂರಿನ ಮೇಲೆ ಸಂಘದವರು ಕರೆದ ಸಭೆ ನಿಮಗೂ ನೆನಪಿರಬೇಕು. ನಾನು ಪಟ್ಟಿ ಎತ್ತಿ ಹಿಡಿದು, ಎಣಿಸಲು ಬಾರದ ಮಕ್ಕಳಿಗೆಲ್ಲ ಈ ಅಕ್ಕೋರು ರೈಟ್ ಹಾಕುತ್ತಾರೆ ಎಂದೆ. ನೀವು ಎದ್ದು ನಿಂತು ನಿಮ್ಮ ಪದ್ಧತಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಳಿಸಿದ ಜಾಗದ ಮೇಲೆ ಬೆರಳಿಟ್ಟು, “ಇದೆಲ್ಲ ಆಮೇಲೆ ಆಗಲಿ ಅಜ್ಜ, ನೀವು ಒಮ್ಮೆ ಡಾಕ್ಟರಿಗೆ ತೋರಿಸಿ ಬನ್ನಿ ಮಾರಾಯ್ರೆ. ಮಗು ತಪ್ಪು ಎಣಿಸಿದ್ದಲ್ಲ ಇದು” ಎಂದಿರಿ. ನಾನು, “ನೀವು ಡಾಕ್ಟರೋ ಮಾಸ್ತರೋ? ನೋಡಿದ್ರ ಎರಡೂ ಅಲ್ಲ ಬಿಡ್ರಿ” ಎಂದೆ. ಎಲ್ಲರೂ ನಕ್ಕರು. ಆ ನಗು ನನಗೆ ಖುಷಿ ಕೊಟ್ಟಿತ್ತು. ದೀಪಾವಳಿ ರಜೆಗೆ ಮುಂಚೆ ನೀವು ರಾಜೀನಾಮೆ ಬರೆದುಕೊಟ್ಟು, ಮನೆಯಿಂದ ತಂದು ವರ್ಗದಲ್ಲಿ ತೂಗುಹಾಕಿದ್ದ ಸೆಕೆಂಡಿನ ಮುಳ್ಳಿನ ಗಡಿಯಾರವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಿರಂತೆ. ನನಗೆ ಸ್ನೇಹಲ್ ಹೇಳಿದ್ದು. ಹೇಳಿ, ಆ ದಿನ ಊಟ ಮಾಡಲಿಲ್ಲ.

ಡಿಸೆಂಬರಿನಲ್ಲಿ ಕಳವಾ ಸ್ಟೇಷನ್ನಿನ ಪುಲ್ ಮೇಲೆ ಬಿದ್ದೆ. ಠಾಣೆಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಹೃದಯದ ಒಂದು ಭಾಗ ಕೆಲಸ ನಿಲ್ಲಿಸಿದೆ ಎಂದರು. ಮೊದಲು ಏನಾದರೂ ಸೂಚನೆ ಇತ್ತೇ ಎಂದು ಡಾಕ್ಟರ್ ಕೇಳಿದಾಗ ದಾನಮ್ಮ ಮನೆಗೆ ಹೋಗಿ ಆ ಪಟ್ಟಿ ತಂದಳು. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ರಬ್ಬರು ಎಷ್ಟು ಉಜ್ಜಿದರೂ ಪೆನ್ಸಿಲ್ ಒತ್ತಿದ ಗುರುತು ಹೋಗಿರಲಿಲ್ಲ. ನೂರಾ ನಾಲ್ಕು, ತೊಂಬತ್ತೇಳು, ನೂರಾ ಹನ್ನೆರಡು, ಎಲ್ಲ ಕಂಡವು. “ಯೇ ಕಿಸ್ನೇ ಗಿನಾ?” ಎಂದರು. ಮೊಮ್ಮಗಳು ಎಣಿಸಿದ್ದು ಎಂದಳು ದಾನಮ್ಮ. “ಔರ್ ಮಿಟಾಯಾ ಕಿಸ್ನೇ?” ಎಂದರು. ಅಳಿಸಿದವರು ಯಾರು ಎಂದು ಅವರು ಕೇಳಿದ್ದು. ಮೂಗಿಗೆ ನಳಿಗೆ ಹಾಕಿದ್ದರು, ನಾನೇ ಕೈ ಎತ್ತಿ ತೋರಿಸಿಕೊಂಡೆ. ಆಗಸ್ಟಿನಲ್ಲೇ ಈ ಹಾಳೆ ಹಿಡಿದು ಬಂದಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ ಎಂದು ಡಾಕ್ಟರ್ ಹೇಳಿದರು. ನೀವು ಸಭೆಯಲ್ಲಿ ಹೇಳಿದ ಮಾತನ್ನೇ ಅವರು ಹಿಂದಿಯಲ್ಲಿ ಹೇಳಿದಂತಾಯಿತು.

ಈಗ ನನ್ನ ಬದುಕು ಹೀಗಿದೆ. ಮುಂಜಾನೆ ಹಲ್ಲಿಗೆ ಸುಟ್ಟ ತಂಬಾಕಿನ ಮಶೇರಿ ತಿಕ್ಕುವುದು ಬಂದ್, ತಂಬಾಕು ಬಂದ್, ಹಪ್ಪಳ ಉಪ್ಪಿನಕಾಯಿ ಬಂದ್. ಶೇಂಗಾ ಹಿಂಡಿಯಲ್ಲಿ ಉಪ್ಪಿಲ್ಲ. ತಿಂದರೆ ಮಣ್ಣು ತಿಂದ ಹಾಗೆ. ದಾನಮ್ಮ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುತ್ತಾಳೆ. ದಿನಾ ನಲವತ್ತು ನಿಮಿಷ ನಡೆಯಬೇಕು, ಸಿಟ್ಟು ಮಾಡಬಾರದು. ನಡೆಯುವುದು ಸಾಧ್ಯವಾಗಿದೆ. ಎಲ್ಲಕ್ಕಿಂತ ಮುಖ್ಯ, ದಿನಾ ಎದ್ದ ಕೂಡಲೆ ನಾಡಿ ಎಣಿಸಿ ವಹಿಯಲ್ಲಿ ಬರೆದಿಡಬೇಕು. ಅದನ್ನು ನೋಡಿಯೇ ಡಾಕ್ಟರ್ ಗುಳಿಗೆ ಹೆಚ್ಚು ಕಡಿಮೆ ಮಾಡುವುದು. ನನಗೆ ಎಣಿಸಲು ಬರುವುದಿಲ್ಲ. ಗೋಣಿಗೆ ಸಿಕ್ಕಿಸುವ ಕೊಕ್ಕೆ, ಆಂಕಡಾ, ಹಿಡಿದು ಹಿಡಿದು ಬೆರಳ ತುದಿ ಕಲ್ಲಾಗಿದೆ. ಮಣಿಕಟ್ಟಿನ ಮೇಲಿಟ್ಟರೆ ಏನೂ ತಿಳಿಯುವುದಿಲ್ಲ. ಸಂಗಮೇಶ, ದಾನಮ್ಮ ಇಬ್ಬರೂ ನಾನು ಏಳುವುದರೊಳಗೆ ಕೆಲಸಕ್ಕೆ ಹೊರಟಿರುತ್ತಾರೆ. ಅದಕ್ಕೆ ಸ್ನೇಹಲ್‌ಳಿಗೆ ಒಪ್ಪಿಸಿದೆವು. ದಿನಾ ಎಣಿಸಿದಳು, ದಿನಾ ಬರೆದಳು. ನಲವತ್ತೊಂದು ದಿನದ ಮೇಲೆ ವಹಿ ತೆಗೆದುಕೊಂಡು ಹೋದರೆ ಡಾಕ್ಟರ್ ಬೆಚ್ಚಿಬಿದ್ದರು. ನಲವತ್ತೊಂದು ದಿನವೂ ಎಪ್ಪತ್ತೆರಡು. ಅವರು ಹಿಡಿದು ನೋಡಿದಾಗ ನೂರಾ ಹದಿನೆಂಟಿತ್ತು.

ಮನೆಗೆ ಬಂದು, ಯಾಕೆ ಹೀಗೆ ಬರೆದೆ ಎಂದು ಕೇಳಿದೆ. ಸಿಟ್ಟು ಮಾಡದೆ ಕೇಳಿದೆ, ಆಣೆ ಮಾಡಿ ಹೇಳುತ್ತೇನೆ. “ತುಮ್ಹೀಚ್ ಸಾಂಗಿತ್ಲಂ ನಾ? ನೀನ ಹೇಳಿದ್ದಿ. ಎಪ್ಪತ್ತೆರಡ ಕರೆಕ್ಟ್ ಅಜ್ಜಾ” ಎಂದಳು. ನೀನು ಎಣಿಸಿದ್ದನ್ನೇ ಬರಿ, ನಾನು ಏನೂ ಅನ್ನುವುದಿಲ್ಲ ಎಂದೆ. ಎಣಿಸುತ್ತಾಳೆ, ತುಟಿ ಅಲುಗುವುದು ಕಾಣುತ್ತದೆ, ತೊಂಬತ್ತು ದಾಟಿದ್ದೂ ಕೇಳಿಸುತ್ತದೆ. ಆಮೇಲೆ ಗಡಿಯಾರ ಬಿಟ್ಟು ನನ್ನ ಮುಖ ನೋಡುತ್ತಾಳೆ. ನೋಡಿ, ಎಪ್ಪತ್ತೆರಡು ಎನ್ನುತ್ತಾಳೆ. ಈಗ ಎಲ್ಲದಕ್ಕೂ ಹಾಗೆಯೇ. ಅನ್ನ ಸಾಕೇ ಎಂದರೂ ಎದುರಿನವರ ಮುಖ ನೋಡಿ ಉತ್ತರ ಕೊಡುತ್ತಾಳೆ. ನಿಮ್ಮ ಜಾಗಕ್ಕೆ ಬಂದ ಅಪ್ಪಾಸಾಹೇಬ ಮಾಸ್ತರರು ಅವಳನ್ನು ಬಹಳ ಹೊಗಳುತ್ತಾರೆ. ಬೆತ್ತ ಕಪಾಟಿನಿಂದ ಹೊರಗೆ ಬಂದಿದೆ, ಮಗ್ಗಿ ಬೀದಿಗೆ ಕೇಳಿಸುತ್ತದೆ. ನಾನು ಕೇಳಿಕೊಂಡದ್ದೆಲ್ಲ ಸಿಕ್ಕಿದೆ.

ನನ್ನ ಎಡಕಿವಿ ಸರಿಯಾಗಿ ಕೇಳಿಸುವುದಿಲ್ಲ, ನಿಮಗೆ ಗೊತ್ತಿರಲಾರದು. ನಮ್ಮೂರ ಮಾಸ್ತರರು ಹೊಡೆದದ್ದು. ಮಾರನೆಯ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಮಾಸ್ತರರ ಏಟಿನಿಂದಲೇ ನಾನು ಮನುಷ್ಯನಾದೆ ಎಂದು ಐವತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಆ ಏಟಿನಿಂದ ಹಮಾಲನಾದೆ. ಹಮಾಲಿ ಕೆಟ್ಟದ್ದು ಎನ್ನುತ್ತಿಲ್ಲ, ಆದರೆ ಅದನ್ನು ಆರಿಸಿಕೊಂಡವನು ನಾನಲ್ಲ. ಈ ಮಾತನ್ನು ಮಗನಿಗೂ ಹೇಳಿಲ್ಲ.

ಹಾಗೆಂದು ನಿಮ್ಮ ಎಲ್ಲವನ್ನೂ ಒಪ್ಪಿದೆ ಎಂದು ತಿಳಿಯಬೇಡಿ. ಮಗ್ಗಿ ಬಾಯಿಪಾಠ ಆಗಲೇಬೇಕು. ಹುಣಸೆ ಬೀಜ ಹಿಡಿದು ಯಾರೂ ಲಾರಿ ಲೆಕ್ಕ ಮಾಡಲಾಗುವುದಿಲ್ಲ. ಈ ವಿಷಯದಲ್ಲಿ ನಾನು ನಿಮ್ಮ ಜೊತೆ ಜಗಳ ಆಡುವವನೇ. ಆದರೆ ಜಗಳ ಆಡಲು ನೀವು ಇಲ್ಲಿರಬೇಕು.

ತಪ್ಪು ನನ್ನದು. ಈ ಎರಡು ಪದ ಬರೆಯಲು ನಿನ್ನೆ ಇಡೀ ದಿನ ಹೋಯಿತು. ಇವನ್ನು ಅಳಿಸುವುದಿಲ್ಲ.

ಡಾಕ್ಟರ್ ಹೇಳಿದ ನಲವತ್ತು ನಿಮಿಷವನ್ನು ಈಗ ಹೀಗೆ ಕಳೆಯುತ್ತೇನೆ: ಸಹಿ ಹಾಕಿದ ಒಂದೊಂದೇ ಮನೆಗೆ ನಡೆದು ಹೋಗಿ, ಆ ದೂರು ನನ್ನ ತಪ್ಪು, ಹಿಂದೆ ತೆಗೆದುಕೊಳ್ಳಿ ಎಂದು ಇನ್ನೊಂದು ಕಾಗದಕ್ಕೆ ಸಹಿ ಕೇಳುತ್ತೇನೆ. ಗುಡ್ಡದ ಮೇಲಿನ ಚಾಳಿಗೆ ಮೂರು ಕಡೆ ಕುಳಿತು ಹತ್ತಬೇಕು. ಹೆಬ್ಬೆಟ್ಟು ಒತ್ತಿದ್ದ ಮರಗಮ್ಮ, “ಅವತ್ತ ನೀನ ಒತ್ತು ಅಂದಿ, ಇವತ್ತ ನೀನ ಬ್ಯಾಡ ಅಂತಿ. ಎದಿ ಅಷ್ಟ ತೋರಿಸಿದೇನೋ ಯಂಕಪ್ಪಣ್ಣ, ತಲೀನೂ ತೋರಿಸಿಕೊಂಡು ಬಾ” ಎಂದಳು. ಬೈದು, ಬೆರಳಿಗೆ ಶಾಯಿ ಹಚ್ಚಿಕೊಂಡಳು. ಹತ್ತೊಂಬತ್ತು ಆಗಿವೆ. ಉಳಿದ ಏಳು ಮನೆ ಈ ತಿಂಗಳಲ್ಲಿ ಮುಗಿಸುತ್ತೇನೆ. ಏಪ್ರಿಲ್ ಆರರ ಭಾನುವಾರ ಸಂಘದ ಸಭೆ ಇದೆ. ಜೂನಿನಿಂದ ಸ್ನೇಹಲ್ ಹೋಗುವ ಐದನೆಯ ಇಯತ್ತೆಗೆ ಕಲಿಸುವವರು ಯಾರು ಎಂದು ಅಲ್ಲಿ ತೀರ್ಮಾನ. ನೀವು ಬರುತ್ತೇನೆ ಎಂದರೆ ಮಾತ್ರ ದೇಜಪ್ಪನವರು ನಿಮ್ಮ ಹೆಸರು ಎತ್ತುತ್ತಾರೆ. ಗಡಿಯಾರ ತೂಗುಹಾಕಿದ್ದ ಮೊಳೆ ಅಲ್ಲೇ ಇದೆ, ನಾನು ಹೋಗಿ ನೋಡಿ ಬಂದೆ.

ಇನ್ನೊಂದು ಮಾತು. ಇವತ್ತು ಮುಂಜಾನೆ ಸ್ನೇಹಲ್ ನಾಡಿ ಹಿಡಿದಾಗ ನಾನು ಟವೆಲಿನಿಂದ ಮುಖ ಮುಚ್ಚಿಕೊಂಡೆ. ನನ್ನ ಮುಖ ಕಾಣದಿದ್ದರೆ ಏನು ಹೇಳುತ್ತಾಳೆ ನೋಡೋಣ ಎಂದು. ಎಣಿಸುತ್ತಿದ್ದವಳು ನಡುವೆ ನಿಲ್ಲಿಸಿದಳು. ಆಮೇಲೆ, “ಅಜ್ಜಾ, ನೀ ಬರೆಯೂದು ಅಕ್ಕೋರಿಗೇನು?” ಎಂದಳು. ಹೌದು ಎಂದೆ. “ಅಕ್ಕೋರು ನೋಡ್ತಾರ?” ಎಂದಳು. ನೋಡುತ್ತಾರೆ ಎಂದೆ. ಮತ್ತೆ ಮೊದಲಿಂದ ಎಣಿಸಿದಳು. ಒಂದು ಚೀಟಿಯಲ್ಲಿ ಏನೋ ಬರೆದು, ನಾಲ್ಕು ಮಡಿಕೆ ಮಾಡಿ, ಅನ್ನದ ಅಗುಳು ಹಚ್ಚಿ ಅಂಟಿಸಿದಳು. ನನಗೆ ತೋರಿಸುವುದಿಲ್ಲವಂತೆ. ಅದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ನಾನು ಬಿಚ್ಚಿಲ್ಲ. ಬಿಚ್ಚಬೇಕೆಂದು ಎರಡು ಸಲ ಕೈಗೆ ತೆಗೆದುಕೊಂಡು ಕೆಳಗಿಟ್ಟೆ.

ನಿಮ್ಮ ಮನೆಯವರೆಲ್ಲರ ನಾಡಿ ನೆಟ್ಟಗೆ ನಡೆಯಲಿ, ನಿಮ್ಮ ಕೈಕೆಳಗೆ ಕಲಿತ ಮಕ್ಕಳು ಕಂಡದ್ದನ್ನು ಕಂಡಂತೆ ಹೇಳಲಿ ಎಂದು ಹರಸುವ,

ಯಂಕಪ್ಪ
(ಕೈಯಾರೆ ಬರೆದದ್ದು)

ಚೀಟಿಯಲ್ಲಿ ಎಷ್ಟಿದೆ, ನೀವು ಬರುತ್ತೀರೋ ಇಲ್ಲವೋ, ಎರಡಕ್ಕೂ ಮಾರ್ಚ್ ಮೂವತ್ತೊಂದರ ಒಳಗೆ ಉತ್ತರ ನನ್ನ ಕೈ ಸೇರಬೇಕು.